ಬಾಂಗ್ ಕೊಟ್ಟ ಅಂಧರು, ಮೆಟ್ಟಿಲೇರಲಾಗದ ಮಸೀದಿಗಳು
(ವಿಕಲಚೇತನರ ದುಡಿಮೆ ಮತ್ತು ದಾರಿಯ ಬಗ್ಗೆ ಇತಿಹಾಸ ಹೇಳುವ ಮಾತು)

ರಮಝಾನಿನ ರಾತ್ರಿಗಳಲ್ಲಿ ಮದೀನಾದಲ್ಲಿ ಎರಡು ಬಾಂಗ್ ಕೇಳಿಬರುತ್ತಿದ್ದವು. ಮೊದಲನೆಯದು ಹಝ್ರತ್ ಬಿಲಾಲ್(ರ)ರ ಕರೆ. ಅದು ಕತ್ತಲಿರುವಾಗಲೇ ಮೊಳಗುತ್ತಿತ್ತು. ಅದನ್ನು ಕೇಳಿ ಯಾರೂ ಸಹರಿಯ ಊಟವನ್ನು ನಿಲ್ಲಿಸಬೇಕಾಗಿರಲಿಲ್ಲ. ಎರಡನೆಯದು ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ)ರ ಕರೆ. ಅದು ಕೇಳಿಸಿದೊಡನೆ ಇಡೀ ನಗರದ ಉಪವಾಸ ಆರಂಭವಾಗುತ್ತಿತ್ತು. ಬಿಲಾಲರ ಬಾಂಗ್ ಆದ ಬಳಿಕವೂ ಉಣ್ಣಬಹುದು, ಇಬ್ನು ಉಮ್ಮು ಮಕ್ತೂಮರ ಬಾಂಗ್ ಆಗುವವರೆಗೆ ಅವಕಾಶವಿದೆ ಎಂದು ಪ್ರವಾದಿವರ್ಯರು(ಸ) ಜನರಿಗೆ ತಿಳಿಸಿದ್ದರು.

ಈ ಹದೀಸನ್ನು ನಾವು ಉಪವಾಸದ ನಿಯಮ ತಿಳಿಯಲೆಂದು ಓದುತ್ತೇವೆ. ಅದರ ಕೊನೆಗೆ ವರದಿಗಾರರು ಸೇರಿಸಿದ ಒಂದು ಮಾತನ್ನು ಹೆಚ್ಚು ಗಮನಿಸುವುದಿಲ್ಲ. ಇಬ್ನು ಉಮ್ಮು ಮಕ್ತೂಮ್(ರ) ಅಂಧರಾಗಿದ್ದರು. ಬೆಳಗಾಯಿತು, ಬೆಳಗಾಯಿತು ಎಂದು ಜನರು ಹೇಳುವವರೆಗೂ ಅವರು ಬಾಂಗ್ ಕೊಡುತ್ತಿರಲಿಲ್ಲ ಎಂಬುದೇ ಆ ಮಾತು. ಗಡಿಯಾರವಿಲ್ಲದ ಕಾಲದಲ್ಲಿ ಫಜ್ರ್‌ನ ಹೊತ್ತನ್ನು ಪೂರ್ವ ದಿಗಂತದ ಬೆಳಕನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ದೃಷ್ಟಿ ಅತ್ಯಗತ್ಯವಾದ ಅಂತಹ ಹೊಣೆಯನ್ನು ದೃಷ್ಟಿಯಿಲ್ಲದ ವ್ಯಕ್ತಿಗೆ ವಹಿಸಲಾಗಿತ್ತು. ಅವರಿಗೆ ಸುಲಭವಾದ ಬೇರೊಂದು ಕೆಲಸವನ್ನು ಹುಡುಕಿ ಕೊಡಲಿಲ್ಲ. ಕೆಲಸ ಅದೇ ಉಳಿಯಿತು. ಕಣ್ಣಿನ ನೆರವನ್ನು ನೆರೆಹೊರೆಯವರು ನೀಡಿದರು. ವಿಕಲಚೇತನರಿಗೆ ಉದ್ಯೋಗ ಕೊಡುವುದೆಂದರೆ ಏನು ಎಂದು ಇಂದಿನ ಕಾನೂನುಗಳು ಪುಟಗಟ್ಟಲೆ ವಿವರಿಸುವುದನ್ನು ಮದೀನಾದ ಜನ ಪ್ರತಿ ಮುಂಜಾನೆ ಎರಡು ಮಾತುಗಳಲ್ಲಿ ನೆರವೇರಿಸುತ್ತಿದ್ದರು.

ಒಬ್ಬ ವ್ಯಕ್ತಿಯ ಪದವಿಗಳು

ಇಬ್ನು ಉಮ್ಮು ಮಕ್ತೂಮ್(ರ) ಮಕ್ಕಾದ ಕುರೈಶ್ ವಂಶದವರು. ಹಝ್ರತ್ ಖದೀಜಾ(ರ)ರಿಗೆ ಅವರ ತಾಯಿಯ ಕಡೆಯ ಬಂಧುವೂ ಹೌದು. ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯವಾದ 'ಅಬಸ'ದ ಅವತೀರ್ಣಕ್ಕೆ ಕಾರಣರಾದವರು ಇವರೇ. ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಡನೆ ಮಾತುಕತೆಯಲ್ಲಿ ಮಗ್ನರಾಗಿದ್ದಾಗ ಇವರು ಬಂದು ಧರ್ಮದ ವಿಷಯ ಕೇಳಿದರು. ಮಾತು ಅರ್ಧಕ್ಕೆ ನಿಂತಿತೆಂದು ಪ್ರವಾದಿವರ್ಯರ(ಸ) ಹುಬ್ಬು ಗಂಟಾಯಿತು. ಎದುರಿಗಿದ್ದವರಿಗೆ ಅದು ಕಾಣಿಸುವಂತೆಯೂ ಇರಲಿಲ್ಲ. ಆದರೂ ಅಲ್ಲಾಹನು ಆ ಕ್ಷಣವನ್ನು ಎತ್ತಿ ತಿಳಿಹೇಳಿದನು; ಮುಖಂಡರ ಗೌರವಕ್ಕಿಂತ ಅರಿವು ಅರಸಿ ಬಂದವನ ಹಕ್ಕು ದೊಡ್ಡದೆಂದು ಲೋಕಾಂತ್ಯದವರೆಗೆ ಓದಲ್ಪಡುವ ಗ್ರಂಥದಲ್ಲಿ ದಾಖಲಿಸಿದನು.

ಈ ಘಟನೆಯನ್ನು ನಾವು ಮೃದು ವರ್ತನೆಯ ಪಾಠವಾಗಿ ಮಾತ್ರ ಹೇಳಿ ಮುಗಿಸುತ್ತೇವೆ. ಆದರೆ ಅದರ ನಂತರ ಇಬ್ನು ಉಮ್ಮು ಮಕ್ತೂಮ್(ರ) ಏನಾದರು ಎಂಬುದು ಅಷ್ಟೇ ಮುಖ್ಯ. ಹಿಜ್ರತ್‌ಗೆ ಮುಂಚೆ ಮದೀನಾದ ಜನರಿಗೆ ಕುರ್‌ಆನ್ ಕಲಿಸಲು ಮೊದಲು ಬಂದವರು ಇಬ್ಬರು. ಒಬ್ಬರು ಮುಸ್ಅಬ್ ಬಿನ್ ಉಮೈರ್(ರ), ಇನ್ನೊಬ್ಬರು ಇವರು. ಮುಂದೆ ಪ್ರವಾದಿವರ್ಯರು(ಸ) ಮದೀನಾದಿಂದ ಹೊರಗೆ ಹೋಗುವಾಗ ನಗರದಲ್ಲಿ ತಮ್ಮ ಪ್ರತಿನಿಧಿಯಾಗಿ ಇವರನ್ನು ನೇಮಿಸಿದರು. ಒಂದು ವರದಿಯ ಪ್ರಕಾರ ಎರಡು ಬಾರಿ. ಜೀವನಚರಿತ್ರೆಕಾರರಲ್ಲಿ ಹಲವರ ಲೆಕ್ಕದಲ್ಲಿ 13 ಬಾರಿ. ಆ ಅವಧಿಯಲ್ಲಿ ಜನರಿಗೆ ನಮಾಝಿನ ನೇತೃತ್ವ ವಹಿಸಿದವರೂ ಇವರೇ. ಶಿಕ್ಷಕ, ಮುಅದ್ದಿನ್, ಇಮಾಮ್, ನಗರದ ಪ್ರತಿನಿಧಿ - ಒಂದು ಸಮಾಜ ತನ್ನ ನಂಬಿಕಸ್ಥರಿಗೆ ಮಾತ್ರ ಕೊಡುವ ಸ್ಥಾನಗಳಿವು.

ಯುದ್ಧಕ್ಕೆ ಹೋದವರಿಗೂ ಮನೆಯಲ್ಲಿ ಉಳಿದವರಿಗೂ ಇರುವ ಅಂತರವನ್ನು ತಿಳಿಸುವ ಸೂಕ್ತ ಅವತೀರ್ಣವಾದಾಗಲೂ ಇವರು ಸುಮ್ಮನಿರಲಿಲ್ಲ. ಝೈದ್ ಬಿನ್ ಸಾಬಿತ್(ರ) ಆ ಸೂಕ್ತವನ್ನು ಬರೆದುಕೊಳ್ಳುತ್ತಿರುವಾಗಲೇ ಬಂದು, ಶಕ್ತಿಯಿದ್ದಿದ್ದರೆ ತಾನೂ ಹೋಗುತ್ತಿದ್ದೆನೆಂದು ನಿವೇದಿಸಿಕೊಂಡರು. ಆಗ ದೈಹಿಕ ತೊಂದರೆಯುಳ್ಳವರಿಗೆ ವಿನಾಯಿತಿ ನೀಡುವ ಮಾತು ಅದೇ ಸೂಕ್ತದಲ್ಲಿ ಸೇರಿಕೊಂಡಿತು. ವಿನಾಯಿತಿ ಸಿಕ್ಕಿದ ಮೇಲೂ ಅವರು ಅದನ್ನೇ ಆಶ್ರಯಿಸಿ ಕೂರಲಿಲ್ಲ. ಖಲೀಫಾ ಉಮರ್(ರ)ರ ಕಾಲದ ಕಾದಿಸಿಯ್ಯಾ ಯುದ್ಧದಲ್ಲಿ ಕವಚ ತೊಟ್ಟು ಧ್ವಜ ಹಿಡಿದು ನಿಂತಿದ್ದ ಇವರನ್ನು ಕಂಡುದಾಗಿ ಅನಸ್(ರ) ವರದಿ ಮಾಡಿದ್ದಾರೆ. ವಿನಾಯಿತಿ ಎಂಬುದು ಹೊರೆ ಇಳಿಸುವ ಕರುಣೆ. ಅದನ್ನು ಅವಕಾಶ ನಿರಾಕರಿಸಲು ನೆಪವಾಗಿ ಯಾರೂ ಬಳಸಲಿಲ್ಲ.

ಮನೆಯಿಂದ ಮಸೀದಿಗೆ ದಾರಿ

ದುಡಿಮೆಯ ಪ್ರಶ್ನೆಗೆ ಅಂಟಿಕೊಂಡೇ ಬರುವ ಇನ್ನೊಂದು ಪ್ರಶ್ನೆ ದಾರಿಯದು. ಕೆಲಸವಿದ್ದರೂ ಅಲ್ಲಿಗೆ ತಲುಪಲಾಗದಿದ್ದರೆ ಪ್ರಯೋಜನವಿಲ್ಲ. ಈ ವಿಷಯದಲ್ಲಿ ಹದೀಸ್ ಗ್ರಂಥಗಳು ಎರಡು ಘಟನೆಗಳನ್ನು ಉಳಿಸಿಕೊಟ್ಟಿವೆ. ಮೇಲ್ನೋಟಕ್ಕೆ ಅವು ಪರಸ್ಪರ ವಿರುದ್ಧವಾಗಿ ಕಾಣುತ್ತವೆ.

ಮೊದಲನೆಯದು ಇತ್ಬಾನ್ ಬಿನ್ ಮಾಲಿಕ್(ರ)ರದು. ಬದ್ರ್‌ನಲ್ಲಿ ಪಾಲ್ಗೊಂಡ ಅನ್ಸಾರಿ. ತಮ್ಮ ಕುಲದವರಿಗೆ ಇಮಾಮರಾಗಿದ್ದವರು. ಅವರ ದೃಷ್ಟಿ ಕ್ಷೀಣಿಸಿತ್ತು. ಮಳೆ ಬಂದರೆ ಅವರ ಮನೆಗೂ ಮಸೀದಿಗೂ ನಡುವಿನ ಕಣಿವೆಯಲ್ಲಿ ನೀರು ಹರಿದು ದಾರಿ ಕಡಿದುಹೋಗುತ್ತಿತ್ತು. ತಮ್ಮ ಮನೆಗೆ ಬಂದು ಒಂದೆಡೆ ನಮಾಝ್ ಮಾಡಿಕೊಡಿ, ಆ ಜಾಗವನ್ನೇ ನಮಾಝಿನ ಸ್ಥಳವಾಗಿಸಿಕೊಳ್ಳುತ್ತೇನೆ ಎಂದು ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿಕೊಂಡರು. ಮರುದಿನ ಬಿಸಿಲೇರುವ ಹೊತ್ತಿಗೆ ಪ್ರವಾದಿವರ್ಯರು(ಸ) ಅಬೂಬಕರ್(ರ)ರೊಡನೆ ಅವರ ಮನೆಗೆ ಹೋದರು. ಕುಳಿತುಕೊಳ್ಳುವ ಮೊದಲೇ, ಎಲ್ಲಿ ನಮಾಝ್ ಮಾಡಬೇಕೆಂದು ಮನೆಯವರನ್ನೇ ವಿಚಾರಿಸಿದರು. ತೋರಿಸಿದ ಮೂಲೆಯಲ್ಲಿ ಎರಡು ರಕಅತ್ ನಿರ್ವಹಿಸಿದರು. ಮನೆಯವರು ಅವರನ್ನು ಊಟಕ್ಕೆ ಉಳಿಸಿಕೊಂಡರು. ಸುದ್ದಿ ತಿಳಿದು ಓಣಿಯ ಜನರೂ ಸೇರಿದರು. ದಾರಿ ಕಡಿದುಹೋದವನ ಮನೆಯೇ ಆ ದಿನ ಸಭೆಯಾಯಿತು.

ಎರಡನೆಯದು ಇಬ್ನು ಉಮ್ಮು ಮಕ್ತೂಮ್(ರ)ರದು. ಮನೆ ದೂರ, ಸರಿಯಾಗಿ ಕರೆದೊಯ್ಯುವವರಿಲ್ಲ, ಆದ್ದರಿಂದ ಮನೆಯಲ್ಲೇ ನಮಾಝ್ ಮಾಡಲು ಅನುಮತಿಯಿದೆಯೇ ಎಂದು ಅವರು ಕೇಳಿದರು. ಬಾಂಗ್ ಕೇಳಿಸುತ್ತದೆಯೇ ಎಂದು ವಿಚಾರಿಸಿದ ಪ್ರವಾದಿವರ್ಯರು(ಸ), ಹೌದೆಂಬ ಉತ್ತರ ಬಂದಾಗ, ಹಾಗಾದರೆ ಬರಬೇಕೆಂದು ಸೂಚಿಸಿದರು.

ಒಬ್ಬರ ಮನೆಗೆ ತಾವೇ ಹೋದರು, ಇನ್ನೊಬ್ಬರನ್ನು ಮಸೀದಿಗೆ ಬರಹೇಳಿದರು. ವಿದ್ವಾಂಸರು ಇವೆರಡನ್ನು ಹಲವು ವಿಧದಲ್ಲಿ ಹೊಂದಿಸಿ ವಿವರಿಸಿದ್ದಾರೆ. ಆದರೆ ಎರಡರಲ್ಲೂ ಸಮಾನವಾದ ಒಂದು ಅಂಶವಿದೆ. ಇವರು ಬಾರದಿದ್ದರೂ ನಡೆಯುತ್ತದೆ ಎಂಬ ಉದಾಸೀನ ಎರಡರಲ್ಲೂ ಇಲ್ಲ. ಒಬ್ಬರನ್ನು ಸಮೂಹದಿಂದ ಕಳೆದುಕೊಳ್ಳಲು ಪ್ರವಾದಿವರ್ಯರು(ಸ) ಸಿದ್ಧರಿರಲಿಲ್ಲ.

ನಂತರದ ಫಿಕ್ಹ್ ಚರ್ಚೆಯಲ್ಲೂ ಈ ಸೂಕ್ಷ್ಮ ಉಳಿಯಿತು. ಅಂಧನಿಗೆ ಜುಮಾ ಕಡ್ಡಾಯವೇ ಎಂಬ ಪ್ರಶ್ನೆಗೆ ಇಮಾಮ್ ಅಬೂ ಹನೀಫಾ ವಿನಾಯಿತಿ ನೀಡಿದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್, ಕರೆದೊಯ್ಯುವ ಮಾರ್ಗದರ್ಶಿ ಇದ್ದರೆ ಅದು ಕಡ್ಡಾಯ ಎಂದರು. ಶಾಫಿಈ ಪಂಥದ ನಿಲುವೂ ಇದಕ್ಕೆ ಹತ್ತಿರವಾದುದು. ಹಾಗಾದರೆ ಕರ್ತವ್ಯ ನಿರ್ಧಾರವಾಗುವುದು ಕಣ್ಣಿನಿಂದಲ್ಲ, ಕೈಹಿಡಿದು ನಡೆಸುವವರ ಇರುವಿಕೆಯಿಂದ. ನೆರವಿನ ಕೊರತೆಯೇ ಅಡ್ಡಿಯಾದಾಗ ಪ್ರಶ್ನೆ ಅಂಧನತ್ತ ಮಾತ್ರವಲ್ಲ, ಆ ಊರಿನ ಎಲ್ಲರತ್ತ ತಿರುಗುತ್ತದೆ.

ಹಾದಿಯಲ್ಲಿರುವ ಅಡ್ಡಿಯನ್ನು ತೆಗೆದುಹಾಕುವುದು ವಿಶ್ವಾಸದ ಒಂದು ಶಾಖೆ ಎಂದೂ, ಅಂಧನಿಗೆ ದಾರಿ ತಪ್ಪಿಸುವವನು ಶಾಪಕ್ಕೆ ಗುರಿಯಾಗುತ್ತಾನೆಂದೂ ಹದೀಸ್‌ಗಳಿವೆ. ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೆಯ ಸೂಕ್ತ ಅಂಧರು, ಕುಂಟರು, ರೋಗಿಗಳ ಜೊತೆ ಸಹಭೋಜನದ ಸಂಕೋಚವನ್ನು ನೀಗಿಸಿತೆಂದು ವ್ಯಾಖ್ಯಾನಕಾರರಲ್ಲಿ ಕೆಲವರು ವಿವರಿಸಿದ್ದಾರೆ. ಒಂದೇ ಹರಿವಾಣದಿಂದ ಉಣ್ಣುವ ಸಮಾಜದಲ್ಲಿ ಪಂಕ್ತಿಯಿಂದ ಹೊರಗುಳಿಯುವುದೆಂದರೆ ಊರಿನಿಂದಲೇ ಹೊರಗುಳಿದಂತೆ.

ಬೈತುಲ್ ಮಾಲ್‌ನ ಪಟ್ಟಿ

ವ್ಯಕ್ತಿಗಳ ಸದ್ಭಾವನೆಯ ಮೇಲೆ ನಿಂತದ್ದು ಊರು ದೊಡ್ಡದಾದಂತೆ ಸಡಿಲವಾಗುತ್ತದೆ. ಸಾಮ್ರಾಜ್ಯ ವಿಸ್ತರಿಸಿದಾಗ ವ್ಯವಸ್ಥೆ ಬೇಕಾಯಿತು. ಖಲೀಫಾ ಉಮರ್(ರ) ಭಿಕ್ಷೆ ಬೇಡುತ್ತಿದ್ದ ವೃದ್ಧ ಅಂಧ ಯಹೂದಿಯೊಬ್ಬನನ್ನು ಕಂಡ ಪ್ರಸಂಗವನ್ನು ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ಉಮರ್(ರ) ಅವನನ್ನು ಮನೆಗೆ ಕರೆದೊಯ್ದು ಕೈಲಾದುದನ್ನು ಕೊಟ್ಟರು. ಅಷ್ಟಕ್ಕೇ ಬಿಡದೆ ಬೈತುಲ್ ಮಾಲ್‌ನ ಅಧಿಕಾರಿಯನ್ನು ಕರೆಸಿದರು. ಯೌವನದಲ್ಲಿ ಇವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಹೇಳಿ, ಅವನನ್ನೂ ಅವನಂಥವರನ್ನೂ ಜಿಝ್ಯಾದಿಂದ ಮುಕ್ತಗೊಳಿಸಿದರು. ಕೈಯಿಂದ ಕೊಟ್ಟ ದಾನ ಅಂದಿನ ಹಸಿವಿಗೆ. ಖಜಾನೆಯಿಂದ ಸಿಕ್ಕಿದ್ದು ಹಕ್ಕು. ಅದಕ್ಕೆ ಧರ್ಮದ ಭೇದವೂ ಅಡ್ಡ ಬರಲಿಲ್ಲ.

ಉಮಯ್ಯಾ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ (705-715) ಕುಷ್ಠರೋಗಿಗಳಿಗೆ ವೇತನ ನಿಗದಿಪಡಿಸಿ, ಜನರಲ್ಲಿ ಬೇಡಬಾರದೆಂದು ಆಜ್ಞಾಪಿಸಿದರೆಂದೂ, ನಡೆಯಲಾಗದ ಪ್ರತಿಯೊಬ್ಬರಿಗೆ ಒಬ್ಬ ಸೇವಕನನ್ನು ಮತ್ತು ಪ್ರತಿ ಅಂಧರಿಗೆ ಒಬ್ಬ ಮಾರ್ಗದರ್ಶಿಯನ್ನು ಕೊಟ್ಟರೆಂದೂ ಇತಿಹಾಸಕಾರ ತಬರಿ ಬರೆದಿದ್ದಾರೆ. ಕೆಲವೇ ವರ್ಷಗಳ ನಂತರ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ (717-720) ಸಿರಿಯಾದ ನಗರಗಳಿಗೆ ಪತ್ರ ಬರೆದು, ಅಂಧರು, ನಡೆಯಲಾಗದವರು, ದೀರ್ಘ ರೋಗಿಗಳು ಇವರೆಲ್ಲರ ಹೆಸರಿನ ಪಟ್ಟಿ ಕಳುಹಿಸಲು ಹೇಳಿದರೆಂದು ವರದಿಯಿದೆ. ಅಂಧರಿಗೆ ತಲಾ ಒಬ್ಬ ಮಾರ್ಗದರ್ಶಿ, ಇಬ್ಬರು ದೀರ್ಘರೋಗಿಗಳಿಗೆ ಒಬ್ಬ ಸೇವಕ ಎಂಬ ಲೆಕ್ಕ ಅವರದು. ಅಂದಿನ ಸೇವಕ ವ್ಯವಸ್ಥೆ ಇಂದಿನ ನ್ಯಾಯಪ್ರಜ್ಞೆಗೆ ಒಪ್ಪುವಂಥದ್ದಲ್ಲ ಎಂಬುದನ್ನು ಮರೆಯಬಾರದು. ಆದರೆ ಇಲ್ಲಿ ಕಲಿಯಬೇಕಾದ ವಿಚಾರ ಒಂದಿದೆ: ನೆರವಿಗೆ ಮೊದಲು ಎಣಿಕೆ ನಡೆಯಿತು. ಯಾರು, ಎಲ್ಲಿ, ಎಷ್ಟು ಜನ ಎಂದು ತಿಳಿಯದೆ ಯಾವ ಖಜಾನೆಯೂ ನ್ಯಾಯ ಒದಗಿಸಲಾರದು.

ಕೌಶಲ ಮತ್ತು ಮನ್ನಣೆ

ಈ ವಾತಾವರಣದಲ್ಲಿ ಪ್ರತಿಭೆಗಳು ಅರಳಿದವು. ಮಕ್ಕಾದ ಮುಫ್ತಿಯಾಗಿದ್ದ ಅತಾ ಬಿನ್ ಅಬೀ ರಬಾಹ್ ಕಪ್ಪು ವರ್ಣದವರು, ಒಂದು ಕಣ್ಣಿಲ್ಲದವರು, ಕುಂಟುತ್ತಿದ್ದವರು. ಕೊನೆಗಾಲದಲ್ಲಿ ಪೂರ್ಣವಾಗಿ ಅಂಧರಾದವರು. ಹಜ್ಜ್ ಸಮಯದಲ್ಲಿ ಅತಾರ ಹೊರತು ಬೇರೆ ಯಾರೂ ಫತ್ವಾ ನೀಡಬಾರದೆಂದು ಉಮಯ್ಯಾ ಆಡಳಿತ ಸಾರಿಸುತ್ತಿತ್ತು. ಬಸ್ರಾದ ಕತಾದಾ ಹುಟ್ಟು ಅಂಧರು. ಕುರ್‌ಆನ್ ವ್ಯಾಖ್ಯಾನದಲ್ಲಿ ಅವರ ಹೆಸರಿಲ್ಲದ ತಫ್ಸೀರ್ ಗ್ರಂಥ ಸಿಗುವುದು ಕಷ್ಟ.

ಉದ್ಯೋಗದಲ್ಲಿರುವಾಗ ದೃಷ್ಟಿ ಕಳೆದುಕೊಂಡವರ ಕತೆ ಇನ್ನೂ ಸ್ವಾರಸ್ಯಕರ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಕಾಲದಲ್ಲಿ ದಮಸ್ಕಸ್‌ನ ಮುಖ್ಯ ನ್ಯಾಯಾಧೀಶರಾಗಿದ್ದವರು ಇಬ್ನು ಅಬೀ ಅಸ್ರೂನ್ (ನಿಧನ 1189). ಕೊನೆಯ ವರ್ಷಗಳಲ್ಲಿ ಅವರ ದೃಷ್ಟಿ ಹೋಯಿತು. ಅಂಧನು ನ್ಯಾಯಾಧೀಶನಾಗುವಂತಿಲ್ಲ ಎಂಬುದು ಬಹುತೇಕ ಫಿಕ್ಹ್ ಪಂಡಿತರ ಅಭಿಪ್ರಾಯವಾಗಿತ್ತು. ಇಬ್ನು ಅಬೀ ಅಸ್ರೂನ್ ಅದನ್ನು ಮೌನವಾಗಿ ಒಪ್ಪಲಿಲ್ಲ. ಅಂಧನ ನ್ಯಾಯಾಧಿಕಾರ ಸಿಂಧುವೆಂದು ಒಂದು ಪ್ರಬಂಧವನ್ನೇ ಬರೆದರು. ಸುಲ್ತಾನರು ಅವರನ್ನು ಬಹಿರಂಗವಾಗಿ ಪದಚ್ಯುತಗೊಳಿಸದೆ ಮಗನಿಗೆ ಕಾರ್ಯಭಾರ ವಹಿಸಿದರು. ಹಿರಿಯರ ಮರ್ಯಾದೆ ಉಳಿಯಿತು, ಆದರೆ ಅವರೆತ್ತಿದ ಪ್ರಶ್ನೆ ಪೂರ್ತಿ ಇತ್ಯರ್ಥವಾಗಲಿಲ್ಲ. ನಮ್ಮ ಪರಂಪರೆಯಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವೆಂದು ಹೇಳುವುದು ಸತ್ಯವಾಗದು. ಮುಚ್ಚಿದ ಬಾಗಿಲನ್ನು ಅದೇ ಪರಂಪರೆಯ ಒಳಗಿನಿಂದ, ಅದೇ ಶಾಸ್ತ್ರದ ಭಾಷೆಯಲ್ಲಿ ತಟ್ಟಿದವರಿದ್ದರು ಎಂಬುದು ಸತ್ಯ.

ಬಗ್ದಾದಿನ ಝೈನುದ್ದೀನ್ ಆಮಿದಿ ಮುಸ್ತನ್ಸಿರಿಯ್ಯಾ ವಿದ್ಯಾಲಯದ ಹಂಬಲಿ ವಿದ್ವಾಂಸರು. 13ನೆಯ ಶತಮಾನದ ಕೊನೆ ಮತ್ತು 14ರ ಆರಂಭದಲ್ಲಿ ಬದುಕಿದ್ದ ಅವರು ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದರು. ಜೀವನೋಪಾಯಕ್ಕೆ ಅವರು ಹಿಡಿದದ್ದು ಪುಸ್ತಕ ವ್ಯಾಪಾರ! ಪುಸ್ತಕ ಕೊಂಡಾಗಲೆಲ್ಲ ತೆಳು ಕಾಗದವನ್ನು ಹೊಸೆದು ಅಕ್ಷರಗಳ ಆಕಾರಕ್ಕೆ ತಿರುಚಿ ಹೊದಿಕೆಯ ಒಳಮೈಗೆ ಅಂಟಿಸುತ್ತಿದ್ದರು. ಅರಬಿ ಅಕ್ಷರಗಳಿಗೆ ಸಂಖ್ಯಾಮೌಲ್ಯ ಇರುವುದರಿಂದ ಅವು ಆ ಪುಸ್ತಕದ ಬೆಲೆಯನ್ನು ಸೂಚಿಸುತ್ತಿದ್ದವು. ಅದರ ಮೇಲೆ ಇನ್ನೊಂದು ಕಾಗದ ಅಂಟಿಸಿ ಭದ್ರಪಡಿಸುತ್ತಿದ್ದರು. ಬೆಲೆ ನೆನಪಾಗದಿದ್ದರೆ ಬೆರಳಾಡಿಸಿ ತಿಳಿದುಕೊಳ್ಳುತ್ತಿದ್ದರು. ಈ ವಿವರವನ್ನು ಉಳಿಸಿಕೊಟ್ಟವರು ಸಫದಿ (ನಿಧನ 1363). ಪ್ರಸಿದ್ಧ ಅಂಧರ ಜೀವನಚರಿತ್ರೆಗೆಂದೇ ಒಂದು ಗ್ರಂಥ ಬರೆದವರು ಅವರು. ಫ್ರಾನ್ಸಿನ ಲೂಯಿ ಬ್ರೈಲ್ ತಮ್ಮ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಆಮಿದಿಯವರದು ಬ್ರೈಲ್ ಲಿಪಿಯ ಮೂಲವೆಂದು ಸಾರುವುದು ಅತಿಶಯೋಕ್ತಿ. ಅದು ಒಬ್ಬ ವ್ಯಾಪಾರಿ ತನ್ನ ಅಂಗಡಿಗೆ ಕಂಡುಕೊಂಡ ಉಪಾಯ. ಆದರೆ ದುಡಿಯಲು ಅವಕಾಶವಿದ್ದಲ್ಲಿ ಉಪಾಯ ತಾನಾಗಿ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಉಸ್ಮಾನಿ ಸುಲ್ತಾನರ ಇಸ್ತಾಂಬುಲಿನ ಅರಮನೆಯಲ್ಲಿ 16 ಮತ್ತು 17ನೆಯ ಶತಮಾನಗಳಲ್ಲಿ ಕಿವುಡ-ಮೂಕರ ಒಂದು ತಂಡವೇ ಉದ್ಯೋಗದಲ್ಲಿತ್ತು. ಗುಟ್ಟು ಹೊರಹೋಗದೆಂಬ ಕಾರಣಕ್ಕೆ ಅವರನ್ನು ನೇಮಿಸಿದ್ದರಿಂದ ಅದನ್ನು ಶುದ್ಧ ದಯೆ ಎನ್ನಲಾಗದು; ಅವರಿಗೆ ವಹಿಸಿದ ಕೆಲಸಗಳಲ್ಲಿ ಮರಣದಂಡನೆಯ ಜಾರಿಯೂ ಸೇರಿತ್ತು. ಆದರೆ ಅದರ ಫಲ ವಿಸ್ಮಯಕರ. ಹಿರಿಯ ಕಿವುಡರು ಕಿರಿಯರಿಗೆ ಸಂಜ್ಞಾಭಾಷೆ ಕಲಿಸಿದರು. ಅದು ಅರಮನೆಯಲ್ಲಿ ಎಷ್ಟು ಬೇರೂರಿತೆಂದರೆ ಕಿವಿ ಕೇಳುವ ಆಸ್ಥಾನಿಕರೂ, ಸ್ವತಃ ಸುಲ್ತಾನರೂ ಅದನ್ನು ಕಲಿತರು. ಭಾಷೆ ಬಾರದವರು ಯಾರು ಎಂಬ ಲೆಕ್ಕವೇ ಅಲ್ಲಿ ತಿರುಗುಮುರುಗಾಯಿತು.

ಕಿರಿದಾದ ಹಾದಿ

ಕಾಲಾಂತರದಲ್ಲಿ ಈ ವೈಶಾಲ್ಯ ಕುಗ್ಗಿತು. ಈಜಿಪ್ಟಿನಲ್ಲಿ ಅಲ್-ಅಝ್‌ಹರ್ ಅಂಧ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಸತಿ ಒದಗಿಸಿತ್ತು, ಅದು ದೊಡ್ಡ ಉಪಕಾರ. ಆದರೆ ಅಂಧನೆಂದರೆ ಕುರ್‌ಆನ್ ಪಾರಾಯಣವೇ ಅವನ ಕಸುಬು ಎಂಬ ಒಂದೇ ದಾರಿ ಉಳಿಯಿತು. ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಶೈಖ್ ಮುಹಮ್ಮದ್ ರಿಫ್ಅತ್ ಆ ದಾರಿಯಲ್ಲೇ ಶಿಖರ ಮುಟ್ಟಿದರು. 1934ರಲ್ಲಿ ಈಜಿಪ್ಟಿನ ರೇಡಿಯೋ ಆರಂಭವಾದದ್ದು ಅವರ ಪಾರಾಯಣದಿಂದ. ಆದರೆ ಎಲ್ಲರ ಕಂಠವೂ ಅವರದಾಗಿರಲಿಲ್ಲ. ಅದೇ ಅಲ್-ಅಝ್‌ಹರ್‌ನಲ್ಲಿ ಕಲಿತ ತಾಹಾ ಹುಸೈನ್ (1889-1973) ತಮ್ಮ ಆತ್ಮಕತೆ 'ಅಲ್-ಅಯ್ಯಾಮ್'ನಲ್ಲಿ, ಪರೀಕ್ಷಕರು ತನ್ನ ಹೆಸರು ಹಿಡಿಯದೆ ಕುರುಡನೆಂದೇ ಕರೆದ ನೋವನ್ನು ದಾಖಲಿಸಿದ್ದಾರೆ. 'ಅಬಸ' ಅಧ್ಯಾಯವನ್ನು ಬಾಯಿಪಾಠವಾಗಿ ಬಲ್ಲವರ ನಾಲಿಗೆಯಿಂದ ಬಂದ ಮಾತು ಅದು! ಅವರು ಸಿದ್ಧವಾಗಿದ್ದ ದಾರಿಯನ್ನು ಬಿಟ್ಟು ಕೈರೋ ಮತ್ತು ಪ್ಯಾರಿಸ್‌ಗಳಲ್ಲಿ ಡಾಕ್ಟರೇಟ್ ಪಡೆದರು. 1950ರಲ್ಲಿ ದೇಶದ ಶಿಕ್ಷಣ ಸಚಿವರಾಗಿ ಪ್ರೌಢಶಾಲೆಯ ಶಿಕ್ಷಣವನ್ನು ಉಚಿತಗೊಳಿಸಿದರು.

ನಮ್ಮ ಹೊಸ್ತಿಲಲ್ಲಿ

ಈಗ ಕರ್ನಾಟಕದ ನಮ್ಮ ಜಮಾಅತ್‌ಗಳತ್ತ ನೋಡೋಣ. 2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿಯನ್ನೂ, ಸಾರ್ವಜನಿಕ ಕಟ್ಟಡಗಳಲ್ಲಿ ಸುಗಮ ಪ್ರವೇಶವನ್ನೂ ವಿಧಿಸಿದೆ. ನಮ್ಮ ಗ್ರಾಮ ಪಂಚಾಯತ್‌ಗಳಲ್ಲಿ ವಿಕಲಚೇತನರೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾಗಿ, ಅಲ್ಪ ಗೌರವಧನಕ್ಕೆ, ತಮ್ಮಂತಹವರ ಮನೆ ಮನೆಗೆ ಹೋಗಿ ಪಟ್ಟಿ ಮಾಡುತ್ತಾರೆ. ಉಮರ್ ಬಿನ್ ಅಬ್ದುಲ್ ಅಝೀಝ್‌ರ ಪತ್ರವನ್ನು ಹೆಮ್ಮೆಯಿಂದ ಹೇಳುವ ನಮ್ಮ ಎಷ್ಟು ಜಮಾಅತ್‌ಗಳ ಬಳಿ ಅಂತಹ ಒಂದು ಪಟ್ಟಿಯಿದೆ?

ಮಿನಾರ ಎತ್ತರವಾಗುತ್ತಿದೆ, ಅಮೃತಶಿಲೆ ಹೊಳೆಯುತ್ತಿದೆ, ಮೆಟ್ಟಿಲುಗಳ ಸಂಖ್ಯೆಯೂ ಹೆಚ್ಚುತ್ತಿದೆ. ವುಝೂ ಮಾಡುವ ಜಾಗ ಜಾರುತ್ತದೆ. ಖುತ್ಬಾದ ಒಂದು ಪದವೂ ತಲುಪದೆ ಕಿವುಡ ಯುವಕನೊಬ್ಬ ವರ್ಷಗಟ್ಟಲೆ ಜುಮಾದಲ್ಲಿ ಕುಳಿತೆದ್ದು ಹೋಗುತ್ತಾನೆ. ಒಳಗೆ ಬರಲಾಗದವರು ಶುಕ್ರವಾರ ಹೊರಬಾಗಿಲ ಬಳಿ ಕೈಚಾಚಿ ಕೂರುತ್ತಾರೆ. ನಾವು ಚಿಲ್ಲರೆ ಹಾಕಿ, ಪುಣ್ಯ ಸಿಕ್ಕಿತೆಂದು ಚಪ್ಪಲಿ ಹಾಕಿಕೊಳ್ಳುತ್ತೇವೆ. ಮದೀನಾದಲ್ಲಿ ಬಾಂಗ್ ಕೊಟ್ಟವರ ವಾರಸುದಾರರಿಗೆ ನಾವು ಬಿಟ್ಟಿರುವ ಸ್ಥಳ ಇದು.

ಸರಿಪಡಿಸಲು ದೊಡ್ಡ ಸಂಪತ್ತು ಬೇಕಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಹಿಡಿಕೆಯಿರುವ ಕಂಬಿ, ಕುಳಿತು ವುಝೂ ಮಾಡಬಹುದಾದ ಒಂದೆರಡು ನಳ್ಳಿ, ಜಾರದ ನೆಲ - ಇಷ್ಟು ಒಂದು ರಮಝಾನಿನ ದೇಣಿಗೆಯಲ್ಲಿ ಆಗುವ ಕೆಲಸ. ಹಲವು ಮಸೀದಿಗಳಿಗೆ ಬಾಡಿಗೆಯ ಅಂಗಡಿಗಳಿವೆ. ಅವುಗಳಲ್ಲಿ ಒಂದನ್ನು ವಿಕಲಚೇತನರಿಗೆ ಮೀಸಲಿಡಬಹುದು. ಮದ್ರಸಾದ ಪಾಠ, ಜಮಾಅತ್‌ನ ಲೆಕ್ಕಪತ್ರ, ಶಾದಿ ಮಹಲಿನ ನಿರ್ವಹಣೆ ಇವುಗಳಿಗೆ ಜನರನ್ನು ಹುಡುಕುವಾಗ ಮೊದಲು ಅವರ ಮನೆಯ ಬಾಗಿಲು ತಟ್ಟಬಹುದು. ಝಕಾತ್‌ನ ಹಣ ವರ್ಷಕ್ಕೊಂದು ಕಿಟ್ ಆಗುವ ಬದಲು ಹೊಲಿಗೆ ಯಂತ್ರವೋ ಮೂರು ಚಕ್ರದ ವಾಹನವೋ ಆಗಬಹುದು. ಏನು ಬೇಕೆಂದು ಅವರನ್ನೇ ಕೇಳಬೇಕು. ಇತ್ಬಾನರ ಮನೆಯಲ್ಲಿ ಪ್ರವಾದಿವರ್ಯರು(ಸ) ಮೊದಲು ಮಾಡಿದ್ದು ಅದನ್ನೇ. ಸರಕಾರಿ ಗುರುತಿನ ಚೀಟಿ, ಮಾಸಾಶನ, ಮೀಸಲಾತಿ ಪಡೆಯಲು ಓಡಾಡಲಾಗದವರ ಪರವಾಗಿ ಊರಿನ ಇಬ್ಬರು ಯುವಕರು ತಾಲೂಕು ಕಚೇರಿಗೆ ಹೋಗಿಬರುವುದೂ ಒಂದು ಇಬಾದತ್ತೇ.

ಮುಂದಿನ ಆಡಳಿತ ಸಮಿತಿಯ ಸಭೆಯಲ್ಲಿ ಬಣ್ಣ, ಫ್ಯಾನು, ಧ್ವನಿವರ್ಧಕಗಳ ಚರ್ಚೆಗೆ ಮೊದಲು ಈ ಒಂದು ಪ್ರಶ್ನೆಯನ್ನು ಯಾರಾದರೂ ಎತ್ತಲಿ: ನಮ್ಮ ಬಾಂಗ್ ಕೇಳಿಸಿಯೂ ಬರಲಾಗದವರು ಈ ಊರಿನಲ್ಲಿ ಎಷ್ಟು ಮಂದಿ, ಮತ್ತು ಅವರನ್ನು ತಡೆದಿರುವುದು ಏನು? ಉತ್ತರ ಬರೆದುಕೊಳ್ಳಲು ಒಂದು ಹಾಳೆ ಸಾಕು. ಅಲ್ಲಾಹನು ನಮಗೆ ಆ ಹಾಳೆಯನ್ನು ತುಂಬುವ ಮನಸ್ಸನ್ನೂ, ಅದರಂತೆ ನಡೆಯುವ ಸಾಮರ್ಥ್ಯವನ್ನೂ ಕರುಣಿಸಲಿ.